ಮಂದಸಿನ ಮೇಲಣ ಲೋಹ

ಹರಿಹರದ ದೇವಾಲಯವನ್ನು ೧೨೨೪ರಲ್ಲಿ ಹೊಯ್ಸಳರ ದಂಡನಾಯಕನಾದ ಪೋಲಾಳ್ವನು ಕಟ್ಟಿಸಿದನೆಂದೂ, ೧೨೬೮ರಲ್ಲಿ ಸೋಮ ದಂಡನಾಯಕನು ಅದಕ್ಕೆ ಗೋಪುರವನ್ನು ಸೇರಿಸಿದನೆಂದೂ ಅಲ್ಲಿಯ ಶಿಲಾಶಾಸನಗಳು ಸಾರುತ್ತಿರುವುವು. ಕಲ್ಲಿಗೆ ಆ ಭಾಗ್ಯವುಂಟು. ಆ ಹೊಳೆಯ ದಡದ ಗೃಹಸ್ಥರು ತಮ್ಮ ವಸ್ತ್ರ, ಒಡವೆ, ಕಾಗದಪತ್ರಗಳನ್ನು ಏತರಲ್ಲಿ ಇರಿಸಿಕೊಂಡಿದ್ದರೆಂಬುದನ್ನು ಯಾರೂ ಕೆತ್ತಿಸಲಿಲ್ಲ. ಹಳೆಯ ಮನೆಗಳ ಕತ್ತಲೆಕೋಣೆಗಳಲ್ಲಿ ಉಳಿದಿರುವ ಮರದ ಪೆಟ್ಟಿಗೆಗಳನ್ನೇ ಅದಕ್ಕಾಗಿ ಓದಬೇಕಾಗಿದೆ.

ಮೊದಲು ಹೆಸರುಗಳನ್ನು ನೋಡುವುದು ಯುಕ್ತ. ಸಂಸ್ಕೃತದ ಮಂಜೂಷಾ ಶಬ್ದವು ತದ್ಭವವಾಗಿ ಕನ್ನಡದಲ್ಲಿ ಮಂದಸೆನಿಸಿತು. ಕುಂತಿಯು ಹಸುಗೂಸಾದ ಕರ್ಣನನ್ನು ನದಿಯಲ್ಲಿ ತೇಲಿಬಿಟ್ಟುದು ಇಂತಹುದರಲ್ಲಿಯೇ. ಸಂದೂಕವು ಅರಬ್ಬೀ ಮೂಲದ್ದು. ಇನ್ನು ಅಂಗಡಿಯ ಗಲ್ಲಾಪೆಟ್ಟಿಗೆ: ಗಲ್ಲಾ ಎಂದರೆ ಮೂಲದಲ್ಲಿ ಧಾನ್ಯ, ಬೆಳೆಯ ಹುಟ್ಟುವಳಿ. ಧಾನ್ಯವು ಮಾರಾಟವಾಗಿ ನಾಣ್ಯವಾದಂತೆ ಆ ಹೆಸರೂ ನಾಣ್ಯವನ್ನಿಡುವ ಪೆಟ್ಟಿಗೆಗೆ ಬಂದು ಸೇರಿತು. ದಾವಣಗೆರೆಯಂತಹ ಪೇಟೆಗೆ ಇದಕ್ಕಿಂತ ಒಪ್ಪುವ ಶಬ್ದವು ದೊರೆಯಲಾರದು.

ಬೇತೂರಿನ ಮಗ್ಗುಲಲ್ಲಿ ಅಜ್ಞಾತವಾಗಿದ್ದ ಆ ಹಳ್ಳಿಯನ್ನು ಹೈದರಾಲಿಯು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಿಯಾಗಿ ಕೊಡಲು, ಆತನು ವರ್ತಕರಿಗೆ ಉತ್ತೇಜನವಿತ್ತು ನೆಲೆಗೊಳಿಸಿದನು. ಮಲೆನಾಡಿನ ಅಡಕೆ ಮೆಣಸುಗಳು ಇಲ್ಲಿಂದ ಪೂರ್ವದ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದುವು. ಗಾದಿಯ ಮೇಲೆ ಕುಳಿತ ವರ್ತಕನಿಗೆ ಪಕ್ಕದ ಪೆಟ್ಟಿಗೆಯೇ ಬೊಕ್ಕಸ, ಅದರ ಇಳಿಜಾರು ಮುಚ್ಚಳವೇ ಲೆಕ್ಕ ಬರೆಯುವ ಮೇಜು.

ಇಂತಹ ಪೆಟ್ಟಿಗೆಗಳ ಮೇಲಣ ಹಿತ್ತಾಳೆಯ ತಗಡು, ಕೀಲು, ಕೊಂಡಿ, ಗುಬ್ಬಿಮೊಳೆಗಳನ್ನು ಜನರು ಅಲಂಕಾರವೆಂದೇ ಎಣಿಸುವರು. ಇದು ಅರ್ಧಸತ್ಯ. ಮರವು ಕಡಿದ ಮೇಲೆಯೂ ಸುಮ್ಮನಿರುವ ವಸ್ತುವಲ್ಲ. ಶ್ರಾವಣದ ತೇವದಲ್ಲಿ ಅಡ್ಡಲಾಗಿ ಉಬ್ಬುವುದು, ಫಾಲ್ಗುಣದ ಒಣಹವೆಯಲ್ಲಿ ಕುಗ್ಗುವುದು. ಉದ್ದಕ್ಕೆ ಮಾತ್ರ ಹೆಚ್ಚುಕಡಮೆಯಾಗದು. ವರ್ಷ ವರ್ಷವೂ ನಡೆಯುವ ಈ ಎಳೆದಾಟದಲ್ಲಿ ಮೊದಲು ಸಡಿಲುವುದು ಮೂಲೆ. ತಗಡು ಬಿದ್ದಿರುವುದೂ ಅಲ್ಲಿಯೇ. ಬೀಗದ ಕೈ ದಿನವೂ ತಾಕುವ ಕಡೆ, ಮುಚ್ಚಳವು ಬಂದು ಬಡಿಯುವ ಕಡೆ, ಕೀಲು ತೂಗುವ ಕಡೆ, ಹೀಗೆ ಪೆಟ್ಟು ಬೀಳುವಲ್ಲೆಲ್ಲ ಲೋಹವುಂಟು. ತಗಡಿನ ತುದಿಯನ್ನು ಅರಳಿಯೆಲೆಯಂತೆಯೋ ಹೂವಿನಂತೆಯೋ ಹರವಿ ಕತ್ತರಿಸುವುದಕ್ಕೂ ಕಾರಣವಿದೆ. ಮೊಳೆಗಳನ್ನು ಮರದ ಒಂದೇ ಎಳೆಯ ಮೇಲೆ ಸಾಲಾಗಿ ಹೊಡೆದರೆ ಹಲಗೆಯು ಸೀಳುವುದು. ಎಲೆಯ ಅಂಚಿನಲ್ಲಿ ಚದರಿಸಿ ಹೊಡೆದರೆ ಭಾರವು ಹಲವು ಎಳೆಗಳಿಗೆ ಹಂಚಿಹೋಗುವುದು. ಕಂಚುಗಾರನು ಚೆಲುವನ್ನು ಕಂಡುದು ಬಡಗಿಯ ಕಷ್ಟದಲ್ಲಿ.

ದೂರದ ಕೊರಿಯಾ ದೇಶದವರೂ ಇದೇ ನಿರ್ಣಯಕ್ಕೆ ಬಂದಿರುವರು. ೧೩೯೨ರಿಂದ ೧೯೧೦ರವರೆಗೆ ಆಳಿದ ಜೋಸನ್ ವಂಶದ ಕಾಲದಲ್ಲಿ ಅಲ್ಲಿ ಬಂದಾಜಿಯೆಂಬ ಪೆಟ್ಟಿಗೆಯು ಮನೆಮನೆಗೂ ಪರಿಚಿತವಾಗಿತ್ತು. ನಮ್ಮದರಂತೆ ಅದರ ನೆತ್ತಿಯು ತೆರೆಯದು. ಮುಂಬದಿಯ ಮೇಲರ್ಧವು ಮುಂದಕ್ಕೆ ಬಾಗಿ ತೆರೆಯುವುದು. ಆದುದರಿಂದ ನೆತ್ತಿಯ ಮೇಲೆ ಹಾಸಿಗೆ ಹೊದಿಕೆಗಳನ್ನು ಮಡಿಸಿ ಒಟ್ಟಿದ್ದರೂ ತೊಂದರೆಯಿಲ್ಲ. ಕಬ್ಬಿಣ, ಹಿತ್ತಾಳೆ, ಬಿಳಿಹಿತ್ತಾಳೆಗಳ ಪಟ್ಟಿಗಳು ಅಲ್ಲಿಯೂ ಮೂಲೆಗಳನ್ನೇ ಹಿಡಿದಿರುವುವು. ಆಕೃತಿಗಳಲ್ಲಿ ಬಾವಲಿಯು ಸೇರಿರುವುದು ನಮ್ಮವರಿಗೆ ವಿಚಿತ್ರವೆನಿಸಬಹುದು. ಅಲ್ಲಿ ಅದು ಸೌಭಾಗ್ಯದ ಗುರುತು. ನಮ್ಮ ದೇಶದೊಳಗೇ ಮಲಬಾರಿನ ನೆಟ್ಟೂರುಪೆಟ್ಟಿಯು ಮಾಡಿನಂತಹ ಮುಚ್ಚಳಕ್ಕೂ ಹಿತ್ತಾಳೆಯ ಕಟ್ಟಿಗೂ ಪ್ರಸಿದ್ಧವಾಗಿದೆ.

೧೮೬೮ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ಹದಿನಾಲ್ಕು ಕಮಾನುಗಳ ಸೇತುವೆಯಾಯಿತು. ಬಳಿಕ ರೈಲೂ ಬಂದಿತು. ಹಗುರವಾದ ತಗಡಿನ ಟ್ರಂಕು ಪ್ರಯಾಣಕ್ಕೆ ಅನುಕೂಲವಾಗಲು, ಮಂದಸು ಹಿಂದಣ ಕೋಣೆಗೆ ಸರಿಯಿತು. ಅದರಿಂದ ಹಾನಿಯೇನೂ ಆಗಲಿಲ್ಲ. ಹಾನಿಯು ಆಗುತ್ತಿರುವುದು ಹಳೆಯ ಮನೆಗಳನ್ನು ಕೆಡಹುವಾಗ. ಹಿತ್ತಾಳೆಯನ್ನು ಕಿತ್ತು ತೂಕಕ್ಕೆ ಹಾಕಿ, ಮರವನ್ನು ಒಲೆಗೆ ಕಳುಹಿಸುವವರುಂಟು. ಹೊಳಪಿನ ಆಸೆಯಿಂದ ಮರಳುಕಾಗದದಲ್ಲಿ ಉಜ್ಜಿ ಗೆರೆಕೆತ್ತನೆಯನ್ನೆಲ್ಲ ಅಳಿಸುವವರುಂಟು. ಇವರು ಮೇಲೆಂದು ಹೇಳುವಂತಿಲ್ಲ. ಹುಣಿಸೆಹಣ್ಣಿನ ಹುಳಿಯು ಕಿಲುಬನ್ನು ಬಿಡಿಸುವುದೆಂಬುದು ಮನೆಯ ಹೆಂಗಸರಿಗೆಲ್ಲ ತಿಳಿದ ವಿಷಯ. ಆದರೆ ಆ ನೀರು ಮರಕ್ಕೆ ಇಳಿಯದಂತೆ ಒಡನೆಯೇ ಒರಸಬೇಕು.

ತಗಡು ಕಿತ್ತುಹೋದ ಪೆಟ್ಟಿಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ, ಲೋಹವು ಮುಚ್ಚಿದ್ದೆಡೆಯಲ್ಲಿ ಮರದ ಬಣ್ಣವೇ ಬೇರೆಯಾಗಿರುವುದು. ಎಲೆಯ ಅಂಚು, ಅದರ ಸುತ್ತ ಮೊಳೆಯ ತೂತುಗಳು, ನಡುವೆ ಬೀಗದ ಕಣ್ಣು, ಎಲ್ಲವೂ ಅಲ್ಲಿ ನೆರಳಿನಂತೆ ಉಳಿದಿರುವುವು.