ಡ್ರೇನ್ ಪ್ಲಗ್ ಥ್ರೆಡ್ ಹಾಳಾದರೆ: ಹಳೆಯ ಕಾರಿನ ಆಯಿಲ್ ಸಂಪ್ ದುರಸ್ತಿ

ಎಂಜಿನ್‌ನ ಅಡಿಭಾಗದಲ್ಲಿ ಆಯಿಲ್ ಸಂಗ್ರಹವಾಗುವ ತಟ್ಟೆಯಾಕಾರದ ಭಾಗವೇ ಸಂಪ್. ಗ್ಯಾರೇಜುಗಳಲ್ಲಿ ಇದನ್ನು ಚೇಂಬರ್ ಎಂದೂ ಕರೆಯುವುದುಂಟು. ಹಳೆಯ ಆಯಿಲನ್ನು ಹೊರಬಿಡಲು ಇದರ ತಳದಲ್ಲಿ ಒಂದು ರಂಧ್ರವಿದ್ದು, ಅದನ್ನು ಮುಚ್ಚುವ ಬೋಲ್ಟಿಗೆ ಡ್ರೇನ್ ಪ್ಲಗ್ ಎಂದು ಹೆಸರು. ಪ್ರತಿ ಬಾರಿ ಆಯಿಲ್ ಬದಲಿಸುವಾಗಲೂ ಬಿಚ್ಚಿ ಬಿಗಿಯುವ ಈ ಪ್ಲಗ್‌ನ ಥ್ರೆಡ್ ಹದಿನೈದು ಇಪ್ಪತ್ತು ವರ್ಷ ಓಡಿದ ಕಾರುಗಳಲ್ಲಿ ಹಾಳಾಗುವುದು ಸಾಮಾನ್ಯ.

ಮೊದಮೊದಲು ಹನಿಹನಿಯಾಗಿ ಸೋರುವ ಆಯಿಲನ್ನು ಹಲವರು ನಿರ್ಲಕ್ಷಿಸುತ್ತಾರೆ. ಆದರೆ ಓಡುವಾಗ ಪ್ಲಗ್ ಕಳಚಿ ಬಿದ್ದರೆ ಕೆಲವೇ ಕ್ಷಣಗಳಲ್ಲಿ ಸಂಪ್ ಬರಿದಾಗುತ್ತದೆ. ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದ ಮೇಲೂ ಕಾರು ಓಡಿಸಿದಲ್ಲಿ ಬೇರಿಂಗುಗಳು ಸುಟ್ಟು ಎಂಜಿನ್ ಸೀಜ್ ಆಗಬಹುದು. ಅಲ್ಪ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಆಗ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ.

ಥ್ರೆಡ್ ಹಾಳಾಗುವುದೇಕೆ?

ಸೋರಿಕೆಯನ್ನು ತಡೆಯುವುದು ಥ್ರೆಡ್ ಅಲ್ಲ, ಪ್ಲಗ್‌ನ ತಲೆಯಡಿ ಇರುವ ವಾಷರ್. ಹಳೆಯ ವಾಷರ್ ಚಪ್ಪಟೆಯಾಗಿ ಆಯಿಲ್ ಜಿನುಗಿದಾಗ ಅದನ್ನು ಬದಲಿಸದೆ ಪ್ಲಗ್ಗನ್ನೇ ಇನ್ನಷ್ಟು ಬಿಗಿಯುವುದು ಮೊದಲ ತಪ್ಪು. ಪ್ಲಗ್ಗನ್ನು ಕೈಯಿಂದ ತಿರುಗಿಸಿ ಕೂರಿಸದೆ, ಆರಂಭದಿಂದಲೇ ಸ್ಪ್ಯಾನರ್ ಹಾಕಿ ಓರೆಯಾಗಿ ಏರಿಸುವುದು ಎರಡನೆಯದು. ಅಲ್ಯೂಮಿನಿಯಂ ಸಂಪ್‌ಗಳಲ್ಲಿ ಉಕ್ಕಿನ ಪ್ಲಗ್‌ಗಿಂತ ಸಂಪ್‌ನ ಲೋಹವೇ ಮೃದುವಾದುದರಿಂದ ಹಾನಿ ಬೇಗ ಸಂಭವಿಸುತ್ತದೆ.

ಮೊದಲು ಪರೀಕ್ಷೆ

ಆಯಿಲ್ ತೆಗೆದ ಬಳಿಕ ಪ್ಲಗ್ಗನ್ನು ಒರೆಸಿ ನೋಡಬೇಕು. ಪ್ಲಗ್‌ನ ಸುರುಳಿಗಳು ಮಾತ್ರ ಸವೆದಿದ್ದಲ್ಲಿ ಹೊಸ ಪ್ಲಗ್ ಮತ್ತು ಹೊಸ ವಾಷರ್ ಸಾಕು. ಸುರುಳಿಗಳ ನಡುವೆ ಲೋಹದ ಎಳೆಗಳು ಸಿಕ್ಕಿಕೊಂಡಿದ್ದರೆ ಸಂಪ್‌ನ ಥ್ರೆಡ್ ಕಿತ್ತು ಬಂದಿದೆ ಎಂದರ್ಥ. ಸಂಪ್‌ಗೆ ಅಯಸ್ಕಾಂತ ಅಂಟಿದರೆ ಅದು ಉಕ್ಕಿನದು, ಅಂಟದಿದ್ದರೆ ಬಹುತೇಕ ಅಲ್ಯೂಮಿನಿಯಂ. ಉಕ್ಕಿನ ತಗಡಿನ ಸಂಪ್‌ಗಳಲ್ಲಿ ಥ್ರೆಡ್ ಇರುವುದು ಸಾಮಾನ್ಯವಾಗಿ ತಗಡಿಗೆ ವೆಲ್ಡ್ ಮಾಡಿದ ನಟ್‌ನಲ್ಲಿ. ಆದ್ದರಿಂದ ಆ ವೆಲ್ಡ್ ಬಿರುಕು ಬಿಟ್ಟಿದೆಯೇ ಎಂಬುದನ್ನೂ ಗಮನಿಸತಕ್ಕದ್ದು.

ಹಾನಿಗೆ ತಕ್ಕ ದುರಸ್ತಿ

ಆರಂಭದ ಒಂದೆರಡು ಸುರುಳಿಗಳಷ್ಟೇ ಕೆಟ್ಟಿದ್ದರೆ ಅದೇ ಅಳತೆಯ ಟ್ಯಾಪ್ ಹಾಯಿಸಿ ಥ್ರೆಡ್ಡನ್ನು ನೇರಗೊಳಿಸಬಹುದು. ಉದಾಹರಣೆಗೆ, 1983ರಿಂದ 2014ರವರೆಗೆ ತಯಾರಾದ ಮಾರುತಿ 800ರ ಪ್ಲಗ್‌ನ ವ್ಯಾಸ 14 ಮಿ.ಮೀ., ಪಿಚ್ 1.5 ಮಿ.ಮೀ. ಬೇರೆ ಕಾರುಗಳ ಅಳತೆ ಬೇರೆಯಿರಬಹುದಾದ್ದರಿಂದ ಪಿಚ್ ಗೇಜ್‌ನಿಂದ ಖಚಿತಪಡಿಸಿಕೊಳ್ಳುವುದು ಒಳಿತು. ಟ್ಯಾಪ್‌ಗೆ ಗ್ರೀಸ್ ಹಚ್ಚಿದರೆ ಲೋಹದ ಪುಡಿ ಅದಕ್ಕೇ ಅಂಟಿಕೊಳ್ಳುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬಂತೆ ನಿಧಾನವಾಗಿ ತಿರುಗಿಸಬೇಕು.

ಥ್ರೆಡ್ ಪೂರ್ತಿ ಕಿತ್ತುಹೋಗಿದ್ದು, ಸುತ್ತಲಿನ ಲೋಹ ದಪ್ಪವಾಗಿದ್ದರೆ ಎರಡು ದಾರಿಗಳಿವೆ. ಒಂದು, ರಂಧ್ರವನ್ನು ಹಿಗ್ಗಿಸಿ ಒಳಗೂ ಹೊರಗೂ ಥ್ರೆಡ್ ಇರುವ ಉಕ್ಕಿನ ಬುಷ್ ಕೂರಿಸುವುದು. ಮೂಲ ಅಳತೆಯ ಪ್ಲಗ್ಗೇ ಮುಂದೆಯೂ ಬಳಕೆಗೆ ಬರುವುದರಿಂದ ಅಲ್ಯೂಮಿನಿಯಂ ಸಂಪ್‌ಗೆ ಇದು ಉತ್ತಮ ವಿಧಾನ. ಇನ್ನೊಂದು, ದೊಡ್ಡ ಪ್ಲಗ್ ಹಾಕುವುದು. 14 ಮಿ.ಮೀ. ಪ್ಲಗ್ ಇದ್ದಲ್ಲಿ 14.5 ಮಿ.ಮೀ. ಡ್ರಿಲ್ ಹೊಡೆದು, 16 ಮಿ.ಮೀ. ವ್ಯಾಸ ಹಾಗೂ 1.5 ಮಿ.ಮೀ. ಪಿಚ್‌ನ ಟ್ಯಾಪ್ ಹಾಯಿಸಬೇಕಾಗುತ್ತದೆ. ಈ ಎರಡು ಕೆಲಸಗಳಿಗೂ ಸಂಪ್ ಕಳಚಿ ಲೇತ್ ವರ್ಕ್‌ಶಾಪಿಗೆ ಒಯ್ಯುವುದೇ ಕ್ಷೇಮ. ಆಗ ಡ್ರಿಲ್ ನೇರವಾಗಿ ಇಳಿಯುತ್ತದೆ, ಲೋಹದ ಪುಡಿಯನ್ನು ಸಂಪೂರ್ಣ ತೊಳೆಯಲೂ ಸಾಧ್ಯವಾಗುತ್ತದೆ.

ನಟ್‌ನ ವೆಲ್ಡ್ ಬಿಟ್ಟಿದ್ದರೆ ಅಥವಾ ಸಂಪ್ ಬಿರುಕು ಬಿಟ್ಟಿದ್ದರೆ ಬೇರೆ ಸಂಪ್ ಹಾಕುವುದೇ ಲೇಸು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಹಳೆಯ ಕಾರಿನ ಸಂಪ್‌ಗಾಗಿ ವಿಚಾರಿಸಬಹುದು. ಎಂಜಿನ್‌ಗೆ ಜೋಡಿಸಿದ ಸ್ಥಿತಿಯಲ್ಲೇ ಸಂಪ್‌ಗೆ ವೆಲ್ಡಿಂಗ್ ಮಾಡಿಸುವುದು ಬೆಂಕಿಗೆ ಆಹ್ವಾನ.

ಮಾಡಬಾರದ್ದು

ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತುವುದು ಅಥವಾ ಎಂ-ಸೀಲ್ ಮೆತ್ತುವುದು ದುರಸ್ತಿಯಲ್ಲ. ಇವು ಸೋರಿಕೆಯನ್ನು ಕೆಲಕಾಲ ಮರೆಮಾಚುತ್ತವೆಯೇ ಹೊರತು ಪ್ಲಗ್ಗನ್ನು ಹಿಡಿದಿಡುವ ಶಕ್ತಿ ಇವಕ್ಕಿಲ್ಲ. ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ಓವರ್‌ಸೈಜ್ ಪ್ಲಗ್‌ಗಳು ಓರೆಯಾಗಿ ಕೂರುವ ಸಂಭವವಿದೆ. ಅಲ್ಯೂಮಿನಿಯಂ ಸಂಪ್ ಅವುಗಳಿಂದ ಬಿರಿಯಲೂಬಹುದು. ರಬ್ಬರ್ ಪ್ಲಗ್‌ಗಳನ್ನು ಗ್ಯಾರೇಜ್ ತಲುಪುವವರೆಗಿನ ತಾತ್ಕಾಲಿಕ ಉಪಾಯವೆಂದಷ್ಟೇ ತಿಳಿಯಬೇಕು.

ಮರುಜೋಡಣೆ ಮತ್ತು ಎಚ್ಚರಿಕೆ

ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಸ್ಟ್ಯಾಂಡ್‌ಗಳ ಆಧಾರ ಕೊಟ್ಟ ನಂತರವೇ ಅಡಿಗೆ ಹೋಗಬೇಕು. ಬರೀ ಜಾಕ್ ನಂಬುವುದು ಪ್ರಾಣಾಪಾಯಕ್ಕೆ ದಾರಿ. ಹೊಸ ವಾಷರ್ ತೊಡಿಸಿದ ಪ್ಲಗ್ಗನ್ನು ಕೊನೆಯವರೆಗೂ ಬೆರಳುಗಳಿಂದಲೇ ತಿರುಗಿಸಿ, ನಂತರವಷ್ಟೇ ಸ್ಪ್ಯಾನರ್ ಬಳಸತಕ್ಕದ್ದು. ಮಾರುತಿ 800ರಂಥ ಕಾರಿನ 14 ಮಿ.ಮೀ. ಪ್ಲಗ್‌ಗೆ ಸುಮಾರು 35 ನ್ಯೂಟನ್ ಮೀಟರ್ ಬಿಗಿತ ಸಾಕು. 25 ಸೆಂ.ಮೀ. ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ ಸುಮಾರು 14 ಕಿಲೋ ಭಾರ ಹಾಕಿದಷ್ಟು ಬಲ ಇದು. ಇತರ ಕಾರುಗಳಿಗೆ ಆಯಾ ಕೈಪಿಡಿಯ ಅಂಕಿಯನ್ನೇ ಅನುಸರಿಸಬೇಕು.

ಹೊಸ ಆಯಿಲ್ ತುಂಬಿ, ಎಂಜಿನ್ ಕೆಲವು ನಿಮಿಷ ಚಾಲೂ ಇಟ್ಟು ಸೋರಿಕೆ ಇದೆಯೇ ಎಂದು ನೋಡಬೇಕು. ಮರುದಿನ ಬೆಳಿಗ್ಗೆ ಕಾರಿನಡಿ ಹಾಸಿದ ಹಳೆಯ ಪತ್ರಿಕೆಯ ಮೇಲೆ ಕಲೆ ಕಾಣದಿದ್ದರೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟವೂ ಇಳಿಯದಿದ್ದರೆ ದುರಸ್ತಿ ಸಫಲವಾಗಿದೆ ಎನ್ನಬಹುದು. ತೆಗೆದ ಆಯಿಲನ್ನು ಚರಂಡಿಗೆ ಚೆಲ್ಲದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸುವುದು ಮಾಲೀಕರ ಹೊಣೆ.