ಎಡಿಎಚ್‌ಡಿ: ಪ್ರಾಥಮಿಕ ಹಂತದ ವೈದ್ಯಕೀಯ ನೆರವು

ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ, ಹಿಂದುಮುಂದು ನೋಡದೆ ನುಗ್ಗುವುದು ಇವು ಎಡಿಎಚ್‌ಡಿಯ ಮುಖ್ಯ ಲಕ್ಷಣಗಳು. ಇವು ವಯಸ್ಸಿಗೆ ಹೊಂದದಷ್ಟು ಹೆಚ್ಚಾಗಿ ಓದು, ಕೆಲಸ, ಮನೆಯ ಬಾಳ್ವೆಗೆ ಅಡ್ಡಿಯಾದಾಗ ಅದನ್ನು ನರಬೆಳವಣಿಗೆಯ ತೊಂದರೆ ಎಂದು ಪರಿಗಣಿಸುತ್ತಾರೆ. ಜಗತ್ತಿನ ಮಕ್ಕಳಲ್ಲಿ ಸುಮಾರು ಶೇ. 5ರಷ್ಟು, ವಯಸ್ಕರಲ್ಲಿ ಸುಮಾರು ಶೇ. 2.5ರಷ್ಟು ಮಂದಿಗೆ ಇದು ಇದೆಯೆಂಬುದು ಅಂದಾಜು. ಇಷ್ಟು ಜನರನ್ನು ಮನೋವೈದ್ಯರಷ್ಟೇ ನೋಡಿ ಮುಗಿಸುವುದು ಆಗುವ ಮಾತಲ್ಲ. ಹೀಗಾಗಿ ಮನೆಮಂದಿಗೆ ಮೊದಲು ಎದುರಾಗುವ ಫ್ಯಾಮಿಲಿ ಡಾಕ್ಟರು, ಮಕ್ಕಳ ವೈದ್ಯರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಇವರ ಪಾತ್ರ ದೊಡ್ಡದು.

ಎಡಿಎಚ್‌ಡಿ ಎಂದೇ ಹೇಳಿಕೊಂಡು ವೈದ್ಯರ ಬಳಿ ಬರುವವರು ಕಡಿಮೆ. ಕೂತಲ್ಲಿ ಕೂರುವುದಿಲ್ಲ, ಪೆನ್ಸಿಲು ಪುಸ್ತಕ ದಿನಾ ಕಳೆದುಕೊಂಡು ಬರುತ್ತಾನೆ, ಟೀಚರು ವಾರವಾರವೂ ಡೈರಿಯಲ್ಲಿ ದೂರು ಬರೆಯುತ್ತಾರೆ ಎಂಬ ಮಾತುಗಳು ಜ್ವರ ಕೆಮ್ಮಿಗೆ ಬಂದಾಗ ನಡುವೆ ಹೊರಬೀಳುತ್ತವೆ. ಮೇಲಿಂದ ಮೇಲೆ ಬಿದ್ದು ಗಾಯ ಮಾಡಿಕೊಳ್ಳುವ ಮಗುವೂ ಒಂದು ಸುಳಿವು. ಹೆಣ್ಣುಮಕ್ಕಳ ಪಾಡು ಬೇರೆ. ಅವರಲ್ಲಿ ಗಲಾಟೆಗಿಂತ ಗಮನದ ಕೊರತೆಯೇ ಮುಂದಾಗಿರುವುದು ಹೆಚ್ಚು. ತರಗತಿಯಲ್ಲಿ ಸುಮ್ಮನೆ ಕೂತು ಎಲ್ಲೋ ನೋಡುವ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಅವಳಿಗೆ ಸೋಮಾರಿ ಎಂಬ ಹೆಸರು ಅಂಟುತ್ತದೆ, ಪತ್ತೆ ವರ್ಷಗಟ್ಟಲೆ ತಡವಾಗುತ್ತದೆ. ಶಾಲೆ ಹೇಗೆ ನಡೀತಿದೆ ಎಂದು ವೈದ್ಯರು ತಾವಾಗಿ ಕೇಳುವ ಒಂದು ಪ್ರಶ್ನೆ ಇಲ್ಲಿ ಬಹಳ ಕೆಲಸ ಮಾಡಬಲ್ಲದು.

ಎಡಿಎಚ್‌ಡಿಯನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಅಮೆರಿಕನ್ ಮನೋವೈದ್ಯ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5ರ ಪ್ರಕಾರ ಗಮನದ ಕೊರತೆಗೆ ಒಂಬತ್ತು, ಅತಿಚಟುವಟಿಕೆ ಮತ್ತು ದುಡುಕಿಗೆ ಒಂಬತ್ತು ಲಕ್ಷಣಗಳಿವೆ. ಯಾವುದಾದರೂ ಒಂದು ಗುಂಪಿನಲ್ಲಿ ಆರು, 17 ತುಂಬಿದವರಲ್ಲಿ ಐದು ಲಕ್ಷಣಗಳು ಕನಿಷ್ಠ 6 ತಿಂಗಳು ಇರಬೇಕು. ಅವುಗಳಲ್ಲಿ ಕೆಲವಾದರೂ 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಮನೆ, ಶಾಲೆ, ಕೆಲಸದ ಜಾಗ ಹೀಗೆ ಎರಡು ಕಡೆಯಾದರೂ ಕಾಣಬೇಕು. ಈ ಕೊನೆಯ ಷರತ್ತೇ ನಿರ್ಣಾಯಕ. ಹತ್ತು ನಿಮಿಷದ ಭೇಟಿಯಲ್ಲಿ ಹೊಸ ಜಾಗ, ಹೊಸ ಮುಖ ಕಂಡು ಮಗು ಮುದುಡಿ ಕೂತಿರಬಹುದು. ಆದ್ದರಿಂದ ಪೋಷಕರಿಗೊಂದು, ಶಿಕ್ಷಕರಿಗೊಂದು ಪ್ರಶ್ನಾವಳಿ ಕೊಟ್ಟು ಉತ್ತರಗಳನ್ನು ಹೋಲಿಸುತ್ತಾರೆ. ವ್ಯಾಂಡರ್‌ಬಿಲ್ಟ್ ಮಾಪನ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಶಾಲೆಯ ವರದಿಯಿಲ್ಲದೆ ತೀರ್ಮಾನಕ್ಕೆ ಬರುವುದು ಅವಸರದ ಕೆಲಸ.

ಲಕ್ಷಣ ಒಂದೇ ಆದರೂ ಕಾರಣ ಬೇರೆ ಇರಬಹುದು. ಕಿವಿ ಮಂದವಾದ ಮಗು, ಬೋರ್ಡು ಕಾಣದ ಮಗು, ರಕ್ತಹೀನತೆಯಿಂದ ಸೊರಗಿದ ಮಗು, ರಾತ್ರಿ ಗೊರಕೆಯಿಂದ ಸರಿಯಾಗಿ ನಿದ್ರಿಸದ ಮಗು ಇವರೆಲ್ಲರ ಗಮನವೂ ಚದುರುತ್ತದೆ. ಕೆಲವು ಸೆಕೆಂಡು ಕಣ್ಣು ನೆಟ್ಟು ನಿಂತುಬಿಡುವುದು ಮೂರ್ಛೆರೋಗದ ಒಂದು ಬಗೆಯೂ ಆಗಿರಬಹುದು. ಕಲಿಕೆಯ ನ್ಯೂನತೆ, ಆತಂಕ, ಮನೆಯಲ್ಲಿನ ಹೊಡೆತ ಬಡಿತ ಇವನ್ನೂ ವಿಚಾರಿಸಬೇಕು. ಇವುಗಳಲ್ಲಿ ಕೆಲವು ಎಡಿಎಚ್‌ಡಿಯ ಜೊತೆಗೇ ಇರುವುದುಂಟು. ಈ ಜರಡಿ ಹಿಡಿಯುವ ಕೆಲಸಕ್ಕೆ ಮಗುವನ್ನು ಹುಟ್ಟಿದಾಗಿನಿಂದ ನೋಡಿದ ವೈದ್ಯರಿಗಿಂತ ಹೆಚ್ಚು ಅನುಕೂಲದಲ್ಲಿರುವವರು ಇಲ್ಲ. ತಂದೆತಾಯಿಯ ಮೇಲಿನ ಅಪವಾದವನ್ನು ಇಳಿಸಬೇಕಾದವರೂ ಅವರೇ. ಈ ತೊಂದರೆಯಲ್ಲಿ ಅನುವಂಶಿಕತೆಯ ಪಾಲು ಬಹಳ ದೊಡ್ಡದು. ಮುದ್ದು ಮಾಡಿ ಕೆಡಿಸಿದ್ದರಿಂದಾಗಲಿ ಸಕ್ಕರೆ ತಿನ್ನಿಸಿದ್ದರಿಂದಾಗಲಿ ಬರುವುದಲ್ಲ.

ಚಿಕಿತ್ಸೆ ಯಾರು ಆರಂಭಿಸಬೇಕು ಎಂಬಲ್ಲಿ ದೇಶಗಳ ನಡೆ ಒಂದೇ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ 4ರಿಂದ 18 ವರ್ಷದವರ ಪರಿಶೀಲನೆಯನ್ನು ಪ್ರಾಥಮಿಕ ವೈದ್ಯರೇ ಕೈಗೆತ್ತಿಕೊಳ್ಳಬೇಕು ಎನ್ನುತ್ತದೆ. 6 ವರ್ಷದೊಳಗಿನವರಿಗೆ ಮೊದಲು ಪೋಷಕರ ತರಬೇತಿ, ನಂತರದವರಿಗೆ ಔಷಧದ ಜೊತೆ ವರ್ತನಾ ಚಿಕಿತ್ಸೆ ಎಂಬುದು ಅದರ ಸಲಹೆ. ಬ್ರಿಟನ್ನಿನಲ್ಲಿ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯಂತೆ ರೋಗನಿರ್ಣಯವೂ ಔಷಧದ ಆರಂಭವೂ ತಜ್ಞರದು. ಡೋಸು ನೆಲೆನಿಂತ ಮೇಲೆ ಚೀಟಿ ಬರೆಯುವ ಹೊಣೆಯನ್ನು ಪ್ರಾಥಮಿಕ ವೈದ್ಯರು ಹಂಚಿಕೊಳ್ಳುತ್ತಾರೆ. ಭಾರತದಲ್ಲಿ ಮುಖ್ಯ ಔಷಧವಾದ ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್‌ಗೆ ಸೇರಿದೆ. ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಔಷಧ ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು; ಮಾರಲು ಪ್ರತ್ಯೇಕ ಪರವಾನಗಿಯೂ ಬೇಕು. ಹೀಗಾಗಿ ಎಲ್ಲ ಅಂಗಡಿಗಳಲ್ಲೂ ಇದು ಸಿಗುವುದಿಲ್ಲ. ಅಟೊಮಾಕ್ಸೆಟಿನ್‌ಗೆ ಈ ಕಟ್ಟುಪಾಡಿಲ್ಲ, ಆದರೆ ಅದರ ಪೂರ್ಣ ಗುಣ ಕಾಣಲು ಕೆಲವು ವಾರ ಕಾಯಬೇಕು. ಔಷಧಕ್ಕೆ ಮೊದಲು ತೂಕ, ಎತ್ತರ, ನಾಡಿ, ರಕ್ತದೊತ್ತಡ ನೋಡಿ, ಮನೆತನದಲ್ಲಿ ಹೃದ್ರೋಗ ಅಥವಾ ಚಿಕ್ಕ ವಯಸ್ಸಿನ ಹಠಾತ್ ಸಾವು ಇದೆಯೇ ಎಂದು ಕೇಳುತ್ತಾರೆ. ಹಸಿವು ಕುಗ್ಗುವುದು, ನಿದ್ದೆ ತಡವಾಗುವುದು ಸಾಮಾನ್ಯ ಅಡ್ಡಪರಿಣಾಮಗಳು.

ಔಷಧ ಬರೆದ ಮೇಲಿನ ಅನುಸರಣೆಯೇ ಪ್ರಾಥಮಿಕ ವೈದ್ಯರ ನಿಜವಾದ ಕೆಲಸ. ಉತ್ತರ ಅಮೆರಿಕದ 579 ಮಕ್ಕಳ ಮೇಲೆ 14 ತಿಂಗಳು ನಡೆದು 1999ರಲ್ಲಿ ಪ್ರಕಟವಾದ ಎಂಟಿಎ ಅಧ್ಯಯನ ಇದನ್ನು ತೋರಿಸಿತು. ತಮ್ಮ ಊರಿನ ವೈದ್ಯರ ಬಳಿಯೇ ಉಳಿದ ಮಕ್ಕಳಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಔಷಧ ತೆಗೆದುಕೊಂಡಿದ್ದರು. ಆದರೂ ತಿಂಗಳಿಗೊಮ್ಮೆ ಭೇಟಿ, ಶಿಕ್ಷಕರ ಅಭಿಪ್ರಾಯ, ಅದಕ್ಕೆ ತಕ್ಕಂತೆ ಡೋಸಿನ ಹೊಂದಾಣಿಕೆ ದೊರೆತ ಮಕ್ಕಳು ಅವರಿಗಿಂತ ಚೆನ್ನಾಗಿ ಸುಧಾರಿಸಿದರು. ಅಧ್ಯಯನದ ಆರೈಕೆ ನಿಂತ ಮೇಲೆ, ಮೂರು ವರ್ಷದ ಹೊತ್ತಿಗೆ, ಗುಂಪುಗಳ ನಡುವಿನ ಆ ಅಂತರ ಅಳಿಸಿಹೋಯಿತು.

ಕರ್ನಾಟಕದಲ್ಲಿ ಈ ದಾರಿಗೆ ಹಳೆಯ ಬುನಾದಿಯಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಒಯ್ಯುವ ಪ್ರಯೋಗವನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅದರ ಗಮನವೆಲ್ಲ ಹೆಚ್ಚಾಗಿ ತೀವ್ರ ಮನೋರೋಗ, ಮೂರ್ಛೆರೋಗಗಳ ಕಡೆಗಿತ್ತು, ಚಂಚಲ ಮಗು ಅದರ ಅಂಚಿನಲ್ಲೇ ಉಳಿಯಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ತನ್ನ ತಪಾಸಣೆಯ ಪಟ್ಟಿಯಲ್ಲಿ ಎಡಿಎಚ್‌ಡಿಯನ್ನು ಹೆಸರಿಸಿದೆ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ಅದರ ತಂಡಗಳು ಸಂಶಯವಿರುವ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸಬಹುದು. ಅಲ್ಲಿಂದ ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಕೇಳಬಹುದು.

ವಯಸ್ಕರು ಸಾಮಾನ್ಯವಾಗಿ ನಿದ್ದೆಗೇಡು, ಖಿನ್ನತೆ, ಕೆಲಸ ನಿಲ್ಲದಿರುವುದು ಎಂದು ಬರುತ್ತಾರೆ. ಕೆಲವರು ಮಗುವಿಗೆ ಎಡಿಎಚ್‌ಡಿ ಇದೆಯೆಂದು ತಿಳಿದ ಮೇಲೆ ತಮ್ಮ ಬಾಲ್ಯ ನೆನೆದು ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ವಯಸ್ಕರ ಸ್ವವರದಿ ಮಾಪನದ ಮೊದಲ ಆರು ಪ್ರಶ್ನೆಗಳು ಸಂಶಯ ಎತ್ತಲು ಸಾಕು, ನಿರ್ಣಯಕ್ಕೆ ಸಾಲವು. ಹಳೆಯ ಅಂಕಪಟ್ಟಿ, ಶಾಲೆಯ ಷರಾ, ಅಣ್ಣನೋ ಅಕ್ಕನೋ ನೆನಪಿಟ್ಟ ಸಂಗತಿ ಜೊತೆಗಿದ್ದರೆ ತಜ್ಞರಿಗೆ ಬರೆಯುವ ಪತ್ರಕ್ಕೆ ತೂಕ ಬರುತ್ತದೆ.