ಹಿಂಗಣೆಯ ಶಾಲೆ ಮತ್ತು ಒಳ್ಳೆಯ ಹೆಸರಿನ ಬೆಲೆ

ಪುಣೆಯ ಕರ್ವೆನಗರ ಈಗ ಕಿಕ್ಕಿರಿದ ಬಡಾವಣೆ. 1900ರಲ್ಲಿ ಅದು ಹಿಂಗಣೆ ಎಂಬ ಹಳ್ಳಿ, ಪೇಟೆಯಿಂದ ಸುಮಾರು ನಾಲ್ಕು ಮೈಲಿ ದೂರ. ರಾವ್‌ಬಹಾದ್ದೂರ್ ಗೋಖಲೆಯವರು ಕೊಟ್ಟ ಆರು ಎಕರೆಯಲ್ಲಿ ಒಂದು ಗುಡಿಸಲು ಎದ್ದಿತು. ಎಳೆಯ ವಿಧವೆಯರು ಅಲ್ಲಿ ಓದಲು ಕುಳಿತರು. ಇಂದಿನ ಮಹಿಳಾಶ್ರಮ ಹೈಸ್ಕೂಲಿನ ಬೇರು ಆ ಗುಡಿಸಲಿನಲ್ಲಿದೆ.

ಕನ್ನಡದಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾದದ್ದು ಅದರ ಹಿಂದಿನ ವರ್ಷ, 1899ರಲ್ಲಿ. ಕಾದಂಬರಿಯ ವಿಧವೆ ಮನೆ ಬಿಟ್ಟು ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಹಿಂಗಣೆಯಲ್ಲಿ ಓದಿಗೂ ಮರುಮದುವೆಗೂ ನಡುವೆ ಗೋಡೆ ಕಟ್ಟಬೇಕಾಯಿತು.

ಕಟ್ಟಿದವರು ಸ್ವತಃ ವಿಧವೆಯನ್ನು ವರಿಸಿದ್ದ ಧೋಂಡೊ ಕೇಶವ ಕರ್ವೆ. ಫರ್ಗ್ಯುಸನ್ ಕಾಲೇಜಿನ ಗಣಿತದ ಮೇಷ್ಟರಾಗಿದ್ದ ಅವರು, ಮೊದಲ ಹೆಂಡತಿ ತೀರಿಕೊಂಡ ಮೇಲೆ, 1893ರಲ್ಲಿ ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಓದಿದ್ದ ಗೋದೂಬಾಯಿಯನ್ನು ಮದುವೆಯಾದರು. ಕೊಂಕಣದ ಸ್ವಂತ ಊರು ಮುರುಡ್ ಬಹಿಷ್ಕಾರ ಹಾಕಿತು. ಅದೇ ವರ್ಷ ಶಾರದಾ ಸದನದಲ್ಲಿ ಮತಾಂತರ ನಡೆಯುತ್ತಿದೆ ಎಂಬ ಗುಲ್ಲೆದ್ದು, ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಹೆಸರು ಕೆಟ್ಟರೆ ಶಾಲೆ ಉಳಿಯದು ಎಂಬುದಕ್ಕೆ ಕಣ್ಣೆದುರೇ ನಿದರ್ಶನವಿತ್ತು.

ಹಾಗಾಗಿ 1896ರಲ್ಲಿ ಅನಾಥ ಬಾಲಿಕಾಶ್ರಮ ಶುರುಮಾಡಿದಾಗ ಕರ್ವೆ ಅಳೆದು ಸುರಿದು ಹೆಜ್ಜೆಯಿಟ್ಟರು. ಇಲ್ಲಿ ವಿದ್ಯೆ ಕಲಿಸುತ್ತೇವೆ, ಮರುಮದುವೆಯ ಪ್ರಚಾರ ಮಾಡುವುದಿಲ್ಲ ಎಂಬುದು ಆಶ್ರಮದ ನಿಲುವು. ಸಂಪ್ರದಾಯಸ್ಥರ ಮನೆಗಳಿಂದ ಹುಡುಗಿಯರೂ ಚಂದಾಹಣವೂ ಬರಬೇಕಿದ್ದರೆ ಬೇರೆ ದಾರಿಯಿರಲಿಲ್ಲ. ಗೋದೂಬಾಯಿಯ ಸಹೋದರಿ, ಎಳವೆಯಲ್ಲೇ ವಿಧವೆಯಾಗಿದ್ದ ಪಾರ್ವತಿಬಾಯಿ ಆಠವಲೆ ಊರೂರು ಅಲೆದು ಹಣ ಕೂಡಿಸಿದರು. ಅವರ ಬೋಳಿಸಿದ ತಲೆಯೇ ಮಡಿವಂತರಿಗೆ ಭರವಸೆಯಾಗಿತ್ತು. ಮುಂದೆ ಅವರು ಆ ಕಟ್ಟಳೆಯನ್ನು ಬಿಟ್ಟರು. ಕರ್ವೆ ಕಾಲೇಜಿನ ಪಾಠ ಮುಗಿಸಿ, ಹಿಂಗಣೆಗೆ ನಡೆದೇ ಹೋಗಿ ಅಲ್ಲೂ ಪಾಠ ಹೇಳುತ್ತಿದ್ದರು.

ಹೆಸರು ನಿಂತಿತು. 1907ರಲ್ಲಿ ಮದುವೆಯಾಗದ ಹುಡುಗಿಯರಿಗಾಗಿ ಮಹಿಳಾ ವಿದ್ಯಾಲಯ ಬಂತು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಹುಟ್ಟಿತು. ಮುಂಬಯಿ ವಿಶ್ವವಿದ್ಯಾಲಯ ಇಂಗ್ಲಿಷಿಗೆ ಅಂಟಿಕೊಂಡಿದ್ದಾಗ, ಇಲ್ಲಿ ಉನ್ನತ ಶಿಕ್ಷಣವೂ ತಾಯ್ನುಡಿಯಲ್ಲಿ. ಓದಿನ ಹೊಸ್ತಿಲನ್ನೇ ತಡವಾಗಿ ದಾಟಿದವರಿಗೆ ಭಾಷೆ ಇನ್ನೊಂದು ಹೊಸ್ತಿಲಾಗಬಾರದು ಎಂಬುದು ಅದರ ಹಿಂದಿನ ವಿವೇಕ.

ಆದರೆ ಈ ಹೆಸರಿಗೆ ತೆತ್ತ ಬೆಲೆಯೂ ಇದೆ. ಆರಂಭದ ವರ್ಷಗಳಲ್ಲಿ ಹಿಂಗಣೆಗೆ ಬಂದವರು ಬಹುಪಾಲು ಬ್ರಾಹ್ಮಣ ಮನೆಗಳ ಹೆಣ್ಣುಮಕ್ಕಳು. ತಲೆ ಬೋಳಿಸುವ ಕ್ರೌರ್ಯ ಹೆಚ್ಚಾಗಿ ಇದ್ದದ್ದು ಆ ಜಾತಿಗಳಲ್ಲೇ ಎಂಬುದು ನಿಜ. ಆದರೆ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಇದೇ ಪುಣೆಯಲ್ಲಿ 1848ರಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದು, ಮುಂದೆ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಶಾಲೆ ನಡೆಸಿದ್ದರು. ಅವರಿಗೆ ಸಿಕ್ಕಿದ್ದು ಬೈಗುಳ ಮತ್ತು ಕೆಸರು. ಯಾರ ಮೆಚ್ಚುಗೆಯಿಂದ ಶಾಲೆಗೆ ಹೆಸರು ಬರುತ್ತದೋ, ಅವರ ಅಳುಕುಗಳೂ ಶಾಲೆಯ ಒಳಗೆ ಬಂದು ಕೂರುತ್ತವೆ.

ಕರ್ವೆಯವರು ಅಲ್ಲಿಗೇ ನಿಲ್ಲಲಿಲ್ಲ. 1944ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಜಾತಿಭೇದದ ವಿರುದ್ಧ ‘ಸಮತಾ ಸಂಘ’ ಕಟ್ಟಿದರು. 1958ರಲ್ಲಿ, ನೂರು ತುಂಬಿದ ವರ್ಷ, ಭಾರತರತ್ನ ಬಂತು. ಒಮ್ಮೆ ಬಹಿಷ್ಕಾರಕ್ಕೆ ಗುರಿಯಾಗಿದ್ದ ಅವರ ಹೆಸರನ್ನೇ ಈಗ ಹಿಂಗಣೆ ಹೊತ್ತಿದೆ.